ಹಕ್ಕಿ ನೋಡುವ ಕಡೆ

ತೊಂಬತ್ತರ ದಶಕದಲ್ಲಿ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದೆ ಸ್ಟುಡಿಯೊ ಇಟ್ಟಿದ್ದ ಫೋಟೊದವರಿಗೆ ಮದುವೆ ಫೋಟೊ ಹೊಟ್ಟೆಪಾಡು, ಹಕ್ಕಿ ಫೋಟೊ ಹುಚ್ಚು. ಬೆಳಿಗ್ಗೆ ಪಾಲಹಳ್ಳಿ ಕಡೆಯ ಹೊಳೆದಂಡೆಯಲ್ಲಿ ಹುರುಳಿ ತುಂಬಿದ ಚೀಲದ ಮೇಲೆ ಕ್ಯಾಮೆರಾ ಇಟ್ಟು, ಉಸಿರು ಬಿಗಿಹಿಡಿದು ಗುಂಡಿ ಒತ್ತುತ್ತಿದ್ದರು. ಕ್ಯಾಲೆಂಡರಿನವರಿಗೆ ಚಿತ್ರ ಒದಗಿಸುವ ಬೆಂಗಳೂರಿನ ಏಜೆನ್ಸಿಗೆ ಕಳಿಸುವ ಮುಂಚೆ ಒಂದೊಂದು ಸ್ಲೈಡನ್ನೂ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡುವರು. ಹಕ್ಕಿಯ ಕಣ್ಣು ಚೂರು ಮಸುಕಾಗಿದ್ದರೂ ಸ್ಲೈಡು ಕಸದ ಡಬ್ಬಿಗೆ. ಕೊಕ್ಕು ಚಿತ್ರದ ಅಂಚಿಗೆ ತಗುಲಿದ್ದರೆ ಅದೂ ಅಲ್ಲಿಗೇ.

“ಹಕ್ಕಿ ಎತ್ತಾಗ್ ನೋಡ್ತದೋ ಅತ್ತಾಗ್ ಜಾಗ ಬುಡ್ಬೇಕು ಕಣಪ್ಪ,” ಎಂದು ಎದುರಿಗೆ ಯಾರಿದ್ದರೂ ಹೇಳುವರು. ಯಾರೂ ಇಲ್ಲದಿದ್ದರೆ ಕ್ಯಾಮೆರಾಗೆ.

ಗಂಡಿನ ಕಡೆಯವರಿಗೆ ಕಳಿಸಲೆಂದು ನನ್ನ ಫೋಟೊ ತೆಗೆಸಲು ಅಪ್ಪ ಅಲ್ಲಿಗೇ ಕರೆದೊಯ್ದರು. ವಾರದ ಮೇಲೆ ನಾವಿಬ್ಬರೂ ಸ್ಟುಡಿಯೊಗೆ ಹೋದಾಗ, ಫೋಟೊ ನೋಡಿ ಅಪ್ಪನ ಮುಖ ಗಂಟಾಯಿತು. ಒಂದು ಪಕ್ಕದಲ್ಲಿ ನಾನಿದ್ದೆ, ರೆಪ್ಪೆಯ ಕೂದಲೂ ಬಿಡಿಬಿಡಿಯಾಗಿ ಕಾಣುವಷ್ಟು ಸ್ಪಷ್ಟವಾಗಿ. ಉಳಿದರ್ಧ ಫೋಟೊ ಖಾಲಿ.

“ಮಗೀನ್ ಮೂಲೆಗ್ ತಳ್ಬುಟ್ಟು ಗೋಡೆ ಫೋಟೊ ತೆಗ್ದಿದ್ದೀಯಲ್ಲಯ್ಯ!” ಅಂದರು ಅಪ್ಪ.

“ಮಗು ನೋಡ್ತಿರೋದು ಅತ್ತಾಗ್ ಕಣಣ್ಣ. ಜಾಗ ಬ್ಯಾಡ್ವಾ?”

“ಅತ್ತಾಗ್ ಅಂಥಾದ್ದೇನೈತೆ?”

ಫೋಟೊದವರು ಭೂತಗನ್ನಡಿ ಒರೆಸುತ್ತ, ತಲೆ ಎತ್ತದೆಯೇ ಹೇಳಿದರು: “ಅದ್ನ ನನ್ನ ಕೇಳಿದ್ರೆ? ಮಗೀನೇ ಕೇಳಣ್ಣ.”

ಮದುವೆಯ ಮಾತು ಶುರುವಾದ ಮೇಲೆ ಮೊದಲ ಸಲ ಅಪ್ಪ ನನ್ನ ಕಡೆ ತಿರುಗಿ, “ಏನವ್ವಾ?” ಅಂದರು.