ದೋಣಿ ಚಿತ್ರದ ಕವರಿನಲ್ಲಿ ಅಕ್ಕನ ದನಿ

ಬೆಳಕು ಓಣಿಗೆ ಇಳಿಯುವ ಮೊದಲೇ ಅಂಗಡಿಯ ಹಿಂಬಾಗಿಲು ತೆರೆಯುತ್ತದೆ. ಒಳಗೆ ಕಿಟಕಿಯಿಲ್ಲದ ಕೋಣೆ, ಕಲ್ಲಿನ ತೊಟ್ಟಿ, ಎರಡು ಅಗಲದ ಬೋಗುಣಿ, ಎಳೆಮಗುವಿನ ತಲೆ ಬಾಚುವಂಥ ಮೆತ್ತನೆಯ ಬ್ರಷ್ಷು. ರವಿಕೆಯ ತೋಳು ಮಡಚಿಕೊಂಡ ಹೆಂಗಸು ನಲ್ಲಿ ತಿರುಗಿಸುತ್ತಾರೆ. ನಲ್ಲಿ ಮೊದಲು ಕೆಮ್ಮುತ್ತದೆ, ಆಮೇಲೆ ನೀರು ಬಿಡುತ್ತದೆ. ಕವರಿನಿಂದ ತೆಗೆದ ಹಳೆಯ ಗ್ರಾಮಫೋನ್ ರೆಕಾರ್ಡಿನ ನಡುವಿನ ಕಾಗದ ನೆನೆಯದಂತೆ ರಬ್ಬರ್ ಮುಚ್ಚಳ ಬಿಗಿದು, ನೀರಿನಲ್ಲಿ ಮುಳುಗಿಸಿ, ಗೆರೆಗಳ ದಾರಿ ಹಿಡಿದು ಬ್ರಷ್ಷು ತಿರುಗಿಸುತ್ತಾರೆ. ಅಡ್ಡ ಉಜ್ಜುವಂತಿಲ್ಲ. ಉಜ್ಜಿದರೆ ಹಾಡಿನ ಮೈಮೇಲೆ ಗಾಯ. ನೋಡನೋಡುತ್ತಲೇ ನೀರು ಬೂದಿಯ ಬಣ್ಣಕ್ಕೆ ತಿರುಗುತ್ತದೆ.

"ಈ ಮನೇಲಿ ಯಾರೋ ಸಿಗರೇಟು ಸೇದ್ತಿದ್ರು," ಎನ್ನುತ್ತಾರೆ ಮೂಸಿ ನೋಡಿ. "ಇದು ಒಲೆ ಪಕ್ಕ ಇತ್ತು, ಜಿಡ್ಡು ಬಿಡ್ತಾನೇ ಇಲ್ಲ ನೋಡಿ. ಆಚೇದು ಮಕ್ಕಳಿರೋ ಮನೇದು, ಬಳಪದಲ್ಲಿ ಗೀಚಿದಾವೆ. ಒಬ್ಬರ ಮುಖಾನೂ ನಾ ನೋಡಿಲ್ಲ. ಎಲ್ಲರ ಕೊಳೆ ಮಾತ್ರ ಗೊತ್ತು."

ಹಳೆಯ ರೆಕಾರ್ಡು ಹುಡುಕುವ ಹುಚ್ಚಿನವರಿಗೆ ಈಕೆ 'ಸ್ನಾನದಮ್ಮ'. ಹೆಸರು ಇಟ್ಟವರು ಅವರೇ. ಶನಿವಾರ ಮುಂಭಾಗದಲ್ಲಿ ಡಬ್ಬಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡು ಬೆರಳಲ್ಲಿ ಕವರು ಸರಿಸುತ್ತಾ, ಇಷ್ಟವಾದದ್ದನ್ನು ಹೊರಗೆಳೆದು ದೀಪಕ್ಕೆ ಹಿಡಿದು, "ಕನ್ನಡಿ ಕಣಯ್ಯಾ, ಕನ್ನಡಿ!" ಎಂದು ಉದ್ಗರಿಸುವ ಈ ಮಹಾಶಯರು ಅಚ್ಚಾದ ವರ್ಷ ಹೇಳಬಲ್ಲರು, ಅಚ್ಚು ಹಾಕಿದ ಕಾರ್ಖಾನೆ ಹೇಳಬಲ್ಲರು. ಕನ್ನಡಿ ಮಾಡಿದ ಕೈಯ ನಿಜ ಹೆಸರು ಮಾತ್ರ ಹೇಳಲಾರರು. ಹೊಳಪಿಗೆ ಬೆಲೆ ಕಟ್ಟುವ ಈ ಲೋಕ ಹೊಳಪು ಕೊಟ್ಟವಳಿಗೆ ಒಂದು ಜೊತೆ ಕೈಗವಸು ಕೊಡಿಸಲು ಮೂರು ಮಳೆಗಾಲ ಯೋಚಿಸಿತು. ಸಾಬೂನಿನ ನೀರಿಗೆ ಬೆರಳ ಸಂದಿ ಸೀಳು ಬಿಟ್ಟ ಮೇಲೆ ಕೈಗವಸು ತಂದುಕೊಟ್ಟದ್ದು ಮಾಲೀಕರಲ್ಲ, ಬಸ್ಸಿನಲ್ಲಿ ಟಿಕೆಟ್ ಹರಿಯುವ ಮಗಳು.

ಮೊದಲು ಅವರು ಆಸ್ಪತ್ರೆಯ ಬಟ್ಟೆ ತೊಳೆಯುವ ವಿಭಾಗದಲ್ಲಿದ್ದರು. ಒಂದು ದಿನ ಆ ಕೆಲಸವನ್ನು ಹೊರಗಿನ ಗುತ್ತಿಗೆದಾರನಿಗೆ ಕೊಟ್ಟು, ಅಷ್ಟೂ ಹೆಂಗಸರನ್ನು ಗೇಟಿನಾಚೆ ನಿಲ್ಲಿಸಿದರು. ಗಂಡ ತೀರಿಕೊಂಡಿದ್ದ, ಮಗಳು ಶಾಲೆಯಲ್ಲಿದ್ದಳು. "ಅಲ್ಲಿ ರಕ್ತ ತೊಳೀತಿದ್ದೆ, ಇಲ್ಲಿ ಧೂಳು. ನಮ್ಮ ಹುಡುಗಿ ಕಂಡವರಿಗೆಲ್ಲ 'ನಮ್ಮಮ್ಮ ಹಾಡಿನ ದೋಬಿ' ಅಂತ ಹೇಳ್ಕೊಂಡು ತಿರುಗ್ತಾಳೆ. ನಕ್ಕೊಳ್ಳಲಿ ಬಿಡಿ. ಸುಳ್ಳೇನಲ್ಲವಲ್ಲ."

ಇಷ್ಟು ವರ್ಷ ನಿಶ್ಚಿಂತೆಯಿಂದ ಸಾಗಿದ ಕೆಲಸ ಕಳೆದ ತಿಂಗಳು ಅವರ ನಿದ್ದೆ ಕಿತ್ತುಕೊಂಡಿತು. ಈಗ ಅದನ್ನು ಹೇಳುವಾಗ ಮುಖದಲ್ಲಿ ನಗು ಇದೆ. ಆಗ ಇರಲಿಲ್ಲ.

ಒಂದು ಮಧ್ಯಾಹ್ನ ಹತ್ತಿ ಗಿರಣಿಯಿಂದ ನಿವೃತ್ತಳಾದ ಹೆಂಗಸೊಬ್ಬಳು ಬಿಳಿ ಕವರಿನ ರೆಕಾರ್ಡು ತಂದುಕೊಟ್ಟಳು. ಮಾರುವುದಕ್ಕಲ್ಲ, ತೊಳೆಯುವುದಕ್ಕೆ. ದಶಕಗಳ ಹಿಂದೆ ಗಿರಣಿ ಮುಷ್ಕರ ನಡೆದಾಗ ಗೇಟಿನೆದುರು ಹಾಡುತ್ತಿದ್ದ ಹೆಂಗಸರು ಚಂದಾ ಎತ್ತಿ ಅಚ್ಚು ಹಾಕಿಸಿದ ರೆಕಾರ್ಡದು. ಮುಷ್ಕರ ಮುರಿಯಿತು, ಗುಂಪು ಚದುರಿತು, ಪ್ರತಿಗಳು ಹಾಳಾದವು. ಇವಳ ಬಳಿ ಉಳಿದದ್ದು ಇದೊಂದೇ. ಅದರಲ್ಲಿ ಇವಳೂ ದನಿಗೂಡಿಸಿದ್ದಳು, ಮುಂದಾಳಾಗಿ ಹಾಡಿದ್ದವಳು ಇವಳ ಒಡಹುಟ್ಟಿದ ಅಕ್ಕ. ಹತ್ತಿಯ ಧೂಳು ಕುಡಿದ ಆ ಗಂಟಲನ್ನು ಹೋದ ವರ್ಷ ವೈದ್ಯರು ಕೊಯ್ದು ಜೀವ ಉಳಿಸಿದರು, ದನಿ ಉಳಿಯಲಿಲ್ಲ. ಧೂಳು ಕುಡಿಸಿದವರ ಮೇಲೆ ಯಾವ ಕೇಸೂ ಆಗಲಿಲ್ಲವೆಂದು ಬೇರೆ ಹೇಳಬೇಕೆ? ಆ ಅಕ್ಕ ತಪಾಸಣೆಗೆಂದು ಊರಿಗೆ ಬರುವವಳಿದ್ದಳು. "ಅವಳ ದನಿ ಅವಳಿಗೊಂದು ಸಲ ಕೇಳಿಸ್ಬೇಕು. ಹುಷಾರಾಗಿ ತೊಳೆದುಕೊಡಮ್ಮಾ," ಎಂದು ತಂಗಿ ಹೇಳಿ ಹೋದಳು.

ಸ್ನಾನದಮ್ಮ ಹುಷಾರಾಗಿಯೇ ತೊಳೆದರು. ಎಡವಟ್ಟಾದದ್ದು ಒಣಗುವಾಗ.

ತೊಳೆದವನ್ನು ಮರದ ಸ್ಟ್ಯಾಂಡಿನ ಸೀಳುಗಳಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಕವರುಗಳು ಪಕ್ಕದ ಮೇಜಿನ ಮೇಲೆ, ಅದೇ ಸಾಲಿನಲ್ಲಿ. ಗೋಡೆ ಕಡೆಯದು ಮೊದಲು, ಬಾಗಿಲ ಕಡೆಯದು ಕೊನೆ. ನೀರು ಸಿಡಿದು ಕನ್ನಡಕ ಮಂಜಾಗಿರುತ್ತದೆ, ರೆಕಾರ್ಡಿನ ನಡುವಿನ ಅಕ್ಷರಗಳೋ ಇರುವೆ ಗಾತ್ರ. ಹಾಗಾಗಿ ಅವರು ನಂಬುವುದು ಅಕ್ಷರವನ್ನಲ್ಲ, ಸಾಲನ್ನು. ಆ ಶನಿವಾರ ಅವರು ನೀರಿನ ಕ್ಯಾನು ತರಲು ಹೊರಗೆ ಹೋದಾಗ, ಯಾರೋ ಗಿರಾಕಿಗೆ ಮೂಲೆಯ ಬೀರುವಿನ ಡಬ್ಬಿ ಬೇಕಾಯಿತು. ಸ್ಟ್ಯಾಂಡು ಅಡ್ಡವಿತ್ತು. ಮಾಲೀಕರು ಅದನ್ನು ಹೊರಗೆಳೆದು ಬೀರು ತೆರೆದರು, ಮತ್ತೆ ಒಳಗೆ ನೂಕುವಾಗ ಹಿಂದುಮುಂದಾಗಿ ನೂಕಿದರು. ಗೋಡೆ ಕಡೆಯದು ಬಾಗಿಲ ಕಡೆಗೆ ಬಂತು, ಬಾಗಿಲ ಕಡೆಯದು ಗೋಡೆಗೆ ಹೋಯಿತು. ಒಂದು ಮಾತು ಹೇಳಲಿಲ್ಲ. ಸ್ನಾನದಮ್ಮ ಬಂದರು, ಸಾಲು ನಂಬಿದರು, ಕವರಿಗೆ ತುಂಬಿದರು. ಮಾಲೀಕರು ಮಾರಾಟದ ಕವರುಗಳ ಬಾಯಿಗೆ ಅಂಟುಪಟ್ಟಿ ಹಚ್ಚಿ ಮುಂದೆ ಇಟ್ಟರು. ಸಂಜೆಯೊಳಗೆ ಕೆಲವು ಮಾರಿಹೋದವು.

ಸೋಮವಾರ ತಂಗಿ ಬಂದು ಬಿಳಿ ಕವರು ಬಿಚ್ಚಿದರೆ ಒಳಗೆ ಯಾವುದೋ ನೃತ್ಯದ ವಾದ್ಯಗೋಷ್ಠಿ.

"ನನ್ನ ಕಡೆ ನೋಡಿದ್ಳು. ಬೈದಿದ್ರೆ ಎಷ್ಟೋ ವಾಸಿ ಇತ್ತು. ಬೈಲಿಲ್ಲ. 'ಹುಡುಕಿಕೊಡ್ತೀಯಲ್ಲಾ?' ಅಂದ್ಳು, ಅಷ್ಟೇ. ಮಾಲೀಕರು 'ಏನಮ್ಮಾ ಇದು, ಗಮನ ಎಲ್ಲಿತ್ತು?' ಅಂದ್ರು. ಅಲ್ಲ ಸಾರ್, ಸ್ಟ್ಯಾಂಡು ಮುಟ್ಟಿದವರು ಯಾರು ಅಂದೆ. ಅವರು ಛಾವಣಿ ನೋಡಿದ್ರು."

ತಪ್ಪು ಕೆಳಗಿನವರ ಮೈಮೇಲೆ ಇಳಿಯುವುದು ನೀರಿನಷ್ಟೇ ಸಲೀಸು. ಆದರೆ ಸ್ನಾನದಮ್ಮ ಅಳುತ್ತಾ ಕೂರಲಿಲ್ಲ. ಸಾಲು ತಿರುಗುಮುರುಗಾಗಿದೆ ಎಂದರೆ ಅದಲುಬದಲು ಜೋಡಿಜೋಡಿಯಾಗಿಯೇ ಆಗಿರಬೇಕು: ವಾದ್ಯಗೋಷ್ಠಿ ಇಲ್ಲಿಗೆ ಬಂದಿದ್ದರೆ ಅಕ್ಕನ ರೆಕಾರ್ಡು ವಾದ್ಯಗೋಷ್ಠಿಯ ಕವರಿನಲ್ಲಿದೆ. ಆ ಕವರು ಅವರ ಕಣ್ಣಿಗೆ ಕಟ್ಟಿದಂತಿತ್ತು. ಹಳದಿ ನೀರು, ನೀಲಿ ದೋಣಿ. ಅದು ಮಾರಿಹೋಗಿತ್ತು. ಕೊಂಡವನು ಮನೆಗೆ ಹೋಗಿ ಹಚ್ಚಿ, ವಾದ್ಯದ ಬದಲು ಗಿರಣಿ ಹೆಂಗಸರ ಕೂಗು ಕೇಳಿ, ಥೂ ಎಂದು ಬಿಸಾಡಿರಲಾರನೇ?

ಭಾನುವಾರ ಬೆಳಗಿನ ಜಾವ, ಆಟದ ಮೈದಾನದ ಹೊರಗೆ ವಾಹನ ನಿಲ್ಲಿಸುವ ಜಾಗದಲ್ಲಿ ಹಳೆ ಸಾಮಾನಿನ ಸಂತೆ. ರೆಕಾರ್ಡಿನ ಹುಚ್ಚರು ಟಾರ್ಚು ಹಿಡಿದು, ಲಾರಿಯಿಂದ ಡಬ್ಬಿ ಇಳಿಯುವ ಮೊದಲೇ ಕೈ ಹಾಕುವ ಜಾಗ. ಹಿಂಕೋಣೆ ಬಿಟ್ಟು ಎಂದೂ ಆ ಕಡೆ ಸುಳಿಯದ ಸ್ನಾನದಮ್ಮ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದರು. ಡಬ್ಬಿಯಿಂದ ಡಬ್ಬಿಗೆ, ಕವರಿನಿಂದ ಕವರಿಗೆ. ಸಿಕ್ಕಸಿಕ್ಕವರನ್ನು ದೋಣಿ ದೋಣಿ ಎಂದು ಕೇಳಿದರು. "ಏನಮ್ಮಾ, ಸಮುದ್ರಕ್ಕೆ ಹೊರಟೆಯಾ?" ಎಂದು ಒಬ್ಬ ಹಲ್ಲು ಕಿರಿದ. ಮಗಳು ರೇಗಿದಳು: "ನಿಮ್ಮ ಹಾಡಿನ ಪ್ಲೇಟಿಂದ ಕೊಳೆ ತೆಗೆದವಳು ಇವಳೇ ಕಣ್ರೀ, ಮರ್ಯಾದೆ ಇರಲಿ!"

ಗೀರು ಬಿದ್ದ ರೆಕಾರ್ಡುಗಳನ್ನೇ ಹುಡುಕಿ ಕೊಳ್ಳುವ ಮುದುಕರೊಬ್ಬರಿದ್ದಾರೆ, ಸಂತೆಯಲ್ಲಿ ಅವರು 'ಗೀರು ಮಾವ'. ಅವರು ಬೊಕ್ಕತಲೆ ಸವರಿಕೊಂಡು ಅಂದರು: "ದೋಣಿನಾ? ಹಾಗಾದ್ರೆ ಹಲ್ಲಿನವನೇ. ಹಲ್ಲಿನ ಸೆಟ್ಟು ಮಾಡ್ತಾನಲ್ಲ, ಅವನು. ಕವರ್ ಮೇಲೆ ನೀರಿದ್ರೆ ಸಾಕು, ಒಳಗೆ ಏನಿದ್ರೂ ತಗೋತಾನೆ, ಹುಚ್ಚಪ್ಪ!" ಎಂದು ವಿಳಾಸವನ್ನೂ ಕೊಟ್ಟರು.

ಹಲ್ಲಿನವರ ಮನೆ ಮೂರನೆಯ ಮಹಡಿ. ಬಾಗಿಲು ತೆರೆದರೆ ಗೋಡೆಯ ತುಂಬ ಕಡಲು, ಕೆರೆ, ಹೊಳೆ. ನಡುವೆ ಹಳದಿ ನೀರಿನಲ್ಲಿ ನೀಲಿ ದೋಣಿ. ಸ್ನಾನದಮ್ಮ ಕೇಳಿದರು: "ಹಚ್ಚಿ ನೋಡಿದ್ರಾ ಸ್ವಾಮೀ?"

ಆತ ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ತಲೆ ತುರಿಸಿಕೊಂಡರು. "ಇಲ್ಲಮ್ಮ... ಹೇಳೋಕೆ ನಾಚಿಕೆ. ಅಂಟುಪಟ್ಟಿ ಕಿತ್ರೆ ಅಂಚು ಹರಿಯುತ್ತೆ ಅಂತ ಯಾವುದನ್ನೂ ಬಿಚ್ಚಿಲ್ಲ. ರಿಟೈರ್ ಆದ್ಮೇಲೆ ಕೂತು ಎಲ್ಲಾ ಕೇಳೋಣ ಅಂತ."

ಕೊಂಡು ಕೇಳದವರ ಮೇಲೆ, ಹಾಡನ್ನು ಗೋಡೆಗೆ ನೇತುಹಾಕುವವರ ಮೇಲೆ ನನಗೆ ಹಳೆಯ ಸಿಟ್ಟಿದೆ. ಅವತ್ತಿನ ಮಟ್ಟಿಗೆ ಆ ಸಿಟ್ಟನ್ನು ವಾಪಸ್ಸು ತೆಗೆದುಕೊಂಡೆ. ಅವರು ಕೇಳದಿದ್ದದ್ದಕ್ಕೇ ಒಂದು ದನಿ ಉಳಿಯಿತು. ಅವರೇ ಬ್ಲೇಡು ತಂದು, ಹಲ್ಲಿನ ಅಚ್ಚು ಕೊರೆಯುವ ನಾಜೂಕಿನಲ್ಲಿ ಪಟ್ಟಿ ಬಿಡಿಸಿದರು. ಒಳಗಿನದನ್ನು ಸ್ನಾನದಮ್ಮ ದೀಪದ ಕೆಳಗೆ ಹಿಡಿದರು, ಕನ್ನಡಕ ಒರೆಸಿ ಹೆಸರು ಓದಿದರು, ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಮಗಳು ನೀರು ಕುಡಿಸಿದ್ಳು. ಆ ಮನುಷ್ಯ ಬೇರೆ 'ಕ್ಷಮಿಸಮ್ಮ, ಕ್ಷಮಿಸಮ್ಮ' ಅಂತಾನೆ! ಕೇಳಿದ್ರೆ ಕಳೆದುಹೋಗ್ತಿತ್ತಪ್ಪಾ, ಕೇಳದೆ ಇದ್ದು ಪುಣ್ಯ ಕಟ್ಕೊಂಡ್ರಿ ಅಂದೆ." ಮಿಕ್ಕ ಅದಲುಬದಲುಗಳೂ ಒಂದೊಂದಾಗಿ ಗೊಣಗುವ ಗಿರಾಕಿಗಳ ಜೊತೆ ಅಂಗಡಿಗೆ ಮರಳಿ ಸರಿಹೋದವು.

ಅಕ್ಕ ಬಂದ ದಿನ ನಾನೂ ಆ ಹಿಂಕೋಣೆಯಲ್ಲಿದ್ದೆ. ಕೊರಳಿಗೆ ತೆಳು ಬಟ್ಟೆ ಸುತ್ತಿಕೊಂಡ, ಕಡ್ಡಿಯಂಥ ಹೆಂಗಸು. ಮಾಲೀಕರು ತಾವಾಗಿ ಅಂಗಡಿ ಮುಂಭಾಗದ ರೆಕಾರ್ಡು ಹಾಡಿಸುವ ಯಂತ್ರವನ್ನು ಹೊತ್ತು ತಂದಿಟ್ಟರು. ಮುಳ್ಳು ಇಳಿಯಿತು. ಮೊದಲು ಚರಚರ, ಆಮೇಲೆ ಗೇಟಿನೆದುರಿನ ಆ ಹೆಂಗಸರೆಲ್ಲ ಒಟ್ಟಿಗೆ ಉಸಿರೆಳೆದ ಸದ್ದು, ಅದರ ಮೇಲೆ ಎದ್ದ ಒಂಟಿ ದನಿ, ಒರಟು, ನೇರ, ಯಾರಿಗೂ ಬಗ್ಗದ್ದು. ಅಕ್ಕ ಮೇಜಿನಂಚು ಹಿಡಿದುಕೊಂಡಳು. ತುಟಿ ಜೊತೆಜೊತೆಗೇ ಆಡುತ್ತಿತ್ತು.

ಎರಡನೆಯ ಚರಣದಲ್ಲಿ ಒಂದು ಕಡೆ ಹಾಡು ತಟ್ಟನೆ ಮುಗ್ಗರಿಸುತ್ತದೆ, ಒಬ್ಬರು ಒಂದು ಸಾಲು ಮುಂದೆ ಹಾರಿಬಿಟ್ಟಿದ್ದಾರೆ. ತಂಗಿ ಚಪ್ಪಾಳೆ ತಟ್ಟಿದಳು: "ಇಲ್ಲೇ! ಇಲ್ಲೇ ಇವಳು ಎಡವಿದ್ದು! ಇವತ್ತಿನವರೆಗೂ ಒಪ್ಕೊಂಡಿಲ್ಲ ಮಹಾರಾಯ್ತಿ!" ದನಿಯಿಲ್ಲದ ಅಕ್ಕ ತಲೆ ಅಲ್ಲಾಡಿಸಿ, ತಂಗಿಯ ಎದೆಗೇ ಬೆರಳು ನೆಟ್ಟು, 'ನೀನು, ನೀನು' ಎಂದು ತುಟಿಯಲ್ಲೇ ಬೈದಳು. ಮುಳ್ಳನ್ನು ಹಿಂದಕ್ಕಿಡಿಸಿ ಮತ್ತೆ ಕೇಳಿದರು. ಮತ್ತೆ ಜಗಳ. ಅಕ್ಕನ ಭುಜ ನಗುವಿನಲ್ಲಿ ಕುಣಿಯುತ್ತಿತ್ತು, ಕಣ್ಣಿಂದ ನೀರು. ಕೊನೆಗೆ ಇಬ್ಬರೂ ನ್ಯಾಯಕ್ಕೆಂದು ಸ್ನಾನದಮ್ಮನ ಕಡೆ ತಿರುಗಿದರು.

ಅವರು ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಒಂದು ವಾರದ ಭಾರ ಇಳಿಸಿದ ಉಸಿರು ಬಿಟ್ಟು ಅಂದರು:

"ಯಾರದೋ ನಂಗೊತ್ತಿಲ್ಲಪ್ಪ. ಚೆನ್ನಾಗಿ ತೊಳೆದಿದ್ದಕ್ಕೇ ಅಷ್ಟು ಚೊಕ್ಕವಾಗಿ ಕೇಳಿಸ್ತಿದೆ. ಆದ್ರೆ ಈ ತಪ್ಪು ಮಾತ್ರ ನಂದಲ್ಲ ತಾಯಿ!"