ಗೇರ್‌ಬಾಕ್ಸಿಗೊಂದು ಶವಯಾತ್ರೆ

ರಸ್ತೆಗಳು ಕೂಡುವ ನಮ್ಮ ಚೆರಿಯಪಾಲಂ ಕವಲೆಯ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಸುಗತನ್ ಚೇಟ್ಟನ ಕಾರು ಹತ್ತುವವರಿಗೆ ಒಂದು ಮಾತು ಮೊದಲೇ ಗೊತ್ತಿರುತ್ತಿತ್ತು. ಮಳೆಗಾಲವಾದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಲು ತಯಾರಿರಬೇಕು. ಹಿನ್ನೀರಿನ ಬದಿಯ ಊರು ನಮ್ಮದು. ಆಕಾಶ ಗಟ್ಟಿಯಾಗಿ ಸೀನಿದರೂ ರಸ್ತೆ ಮುಳುಗುತ್ತದೆ. ಬೇರೆ ಡ್ರೈವರುಗಳು ಕಣ್ಣು ಮುಚ್ಚಿ ದೇವರನ್ನು ನೆನೆದು ಗಾಡಿ ನುಗ್ಗಿಸಿದರೆ, ಸುಗತನ್ ಕಾರು ನಿಲ್ಲಿಸಿ, ಮುಂಡು ಎತ್ತಿ ಕಟ್ಟಿ, ನೀರಿಗಿಳಿದು ತನ್ನ ಕಾಲಿನಿಂದಲೇ ಆಳ ನೋಡುತ್ತಿದ್ದ. ನೀರು ಮೀನಖಂಡ ಮುಟ್ಟಿತೋ, ಅಲ್ಲಿಗೆ ಪ್ರಯಾಣ ಮುಗಿಯಿತು.

"ಇಲ್ಲಿಂದ ಆಚೆ ನಡ್ಕೊಂಡು ಹೋಗ್ಬೇಕು. ಬಾಡಿಗೆ ಅರ್ಧ ಕೊಟ್ರೆ ಸಾಕು" ಎನ್ನುತ್ತಿದ್ದ. ಒಮ್ಮೆ ಮದುಮಗಳನ್ನೇ ಇಳಿಸಿದ್ದ. ಆಕೆ ರೇಷ್ಮೆ ಸೀರೆ ಎತ್ತಿಕೊಂಡು, ಎರಡೂ ಪಕ್ಕದಲ್ಲಿ ಚಿಕ್ಕಮ್ಮಂದಿರನ್ನು ಊರುಗೋಲು ಮಾಡಿಕೊಂಡು, ಒದ್ದೆ ಕಾಲಲ್ಲೇ ಮಂಟಪ ಸೇರಿದಳು. ಆಕೆಯ ಅಪ್ಪ ಇವತ್ತಿಗೂ ಸುಗತನ ಜೊತೆ ಮಾತಾಡುವುದಿಲ್ಲ.

ಸ್ಟ್ಯಾಂಡಿನ ಇನ್ನೊಬ್ಬ ಡ್ರೈವರ್ ತಂಗಚ್ಚನ್‌ಗೆ ಇದು ದಿನದ ಪಲ್ಯ. "ಸುಗತಾ, ನಿನ್ನ ಕಾರಿಗೆ ಹುಚ್ಚುನಾಯಿ ಕಚ್ಚಿದೆ ಕಣೋ. ನೀರು ಕಂಡ್ರೆ ಹೆದ್ರುತ್ತೆ."

"ಹೆದರ್ಲಿ ಬಿಡು. ನಿನ್ನ ಕಾರಿನ ಸೀಟ್ ಕೆಳಗೆ ಮೀನು ಮರಿ ಹಾಕಿದೆ, ಮೊದ್ಲು ಅದನ್ನ ನೋಡ್ಕೋ."

ಅಂಥ ಕಾರಿನ ಗೇರ್‌ಬಾಕ್ಸ್ ವಯಸ್ಸಾಗಿ ಕೈಕೊಟ್ಟಾಗ, ಹಳೆ ಗಾಡಿ ಒಡೆಯುವ ಅಂಗಡಿಯಿಂದ ಇನ್ನೊಂದು ತಂದು ಹಾಕು ಎಂದು ಎಲ್ಲರೂ ಹೇಳಿದರು. ಸುಗತನ್ ಕೇಳಲಿಲ್ಲ. ಶಬರಿಮಲೆಯ ಸೀಸನ್ ಎದುರಿಗಿತ್ತು. ಅಯ್ಯಪ್ಪಸ್ವಾಮಿಗಳನ್ನು ಹೊತ್ತು ಘಾಟಿ ಹತ್ತುವ ಗಾಡಿಗೆ ಯಾರೋ ಬಳಸಿ ಬಿಸಾಕಿದ್ದು ಬೇಡ ಎಂದ. ಹೆಂಡತಿ ರಮಣಿ ಎತ್ತಿದ್ದ ಚೀಟಿಯ ಹಣದಲ್ಲಿ, ಹೈವೇ ಪಕ್ಕದ ಕಂಪನಿ ಸರ್ವಿಸ್ ಸೆಂಟರಿನಿಂದಲೇ ಹೊಸದನ್ನು ಹಾಕಿಸಿದ. ಒಂದು ವರ್ಷದ ವಾರಂಟಿ. ಸೀಸನ್ ಚೆನ್ನಾಗಿಯೇ ಕಳೆಯಿತು. ಕುಂಭ ಮಾಸದ ಸುಡುಬಿಸಿಲಿನಲ್ಲಿ, ಗಲ್ಫಿಗೆ ಹೊರಟವನೊಬ್ಬನನ್ನು ವಿಮಾನ ನಿಲ್ದಾಣಕ್ಕೆ ಒಯ್ಯುವಾಗ ಮೂರನೇ ಗೇರು ಜಾರಿತು, ಒಳಗೆ ಕಲ್ಲು ಅಗಿದ ಸದ್ದು ಬಂತು, ಕಾರು ನಿಂತಿತು.

ಸರ್ವಿಸ್ ಸೆಂಟರಿನಲ್ಲಿ ಗೇರ್‌ಬಾಕ್ಸನ್ನು ಕೆಳಗಿಳಿಸಿದರು. ಟೈ ಕಟ್ಟಿದ ಮ್ಯಾನೇಜರ್ ಹುಡುಗ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದು ತೀರ್ಪು ಕೊಟ್ಟ.

"ಒಳಗೆ ನೀರು ಹೋಗಿದೆ ಚೇಟ್ಟಾ. ನೀರು ಹೋದ್ರೆ ವಾರಂಟಿ ಸಿಗಲ್ಲ."

"ಬಿಚ್ಚಿ ನೋಡಿದ್ರಾ?"

"ಬಿಚ್ಚೋದೇನು ಬೇಕಾಗಿಲ್ಲ. ನಿಮ್ಮ ವಿಳಾಸ ನೋಡಿದ್ರೇ ಗೊತ್ತಾಗುತ್ತೆ."

"ಸಾರೆ, ಯಾರನ್ನ ಬೇಕಾದ್ರೂ ಕೇಳಿ. ನಾನು ಗಾಡಿನ ನೀರಿಗೆ ಇಳಿಸೋನಲ್ಲ."

"ವೃಶ್ಚಿಕ ಮಾಸದ ಉಬ್ಬರಕ್ಕೆ ನಿಮ್ಮೂರ ರಸ್ತೆ ಮುಳುಗಿದ್ದು ಪೇಪರ್‌ನಲ್ಲೇ ಬಂದಿತ್ತಲ್ಲ."

"ರಸ್ತೆ ಮುಳುಗಿತ್ತು, ನನ್ನ ಕಾರು ಮುಳುಗಿರ್ಲಿಲ್ಲ. ಬಿಚ್ಚಿ ನೋಡಿ."

"ಬಿಚ್ಚೋದಕ್ಕೆ ಬೇರೆ ಚಾರ್ಜ್ ಇದೆ. ಬಿಚ್ಚಿದ್ರೆ ಸೀಲ್ ಹೋಗುತ್ತೆ. ಸೀಲ್ ಹೋದ್ರೆ ವಾರಂಟಿ ಹೋಗುತ್ತೆ."

"ವಾರಂಟಿ ಈಗ್ಲೇ ಹೋಗಿದೆ ಅಂದ್ರಲ್ಲ?"

"ಅದು ಬೇರೆ ಕಾರಣಕ್ಕೆ" ಎಂದು ಮ್ಯಾನೇಜರ್, ನೀರು ಹೋದ ಕಾರಣ ಮನವಿಯನ್ನು ತಿರಸ್ಕರಿಸಲಾಗಿದೆ ಎಂಬ ಕಾಗದಕ್ಕೆ ಸಹಿ ಹಾಕಿ ಕೊಟ್ಟ.

ಟ್ಯಾಕ್ಸಿ ನಿಂತರೆ ಮನೆಯ ಒಲೆಯೂ ಅರ್ಧ ನಿಂತ ಹಾಗೆ. ಆದರೆ ಸುಗತನ್‌ಗೆ ಅದಕ್ಕಿಂತ ಹೆಚ್ಚು ಉರಿದದ್ದು ಆ ಕಾಗದದಲ್ಲಿದ್ದ ನೀರಿನ ಮಾತು. ಜೀವಮಾನವಿಡೀ ಜನರ ಬೈಗುಳ ತಿಂದು ಗಾಡಿಗೆ ನೀರು ತಾಗದಂತೆ ಕಾದವನಿಗೆ, ನೀನು ನೀರಿಗಿಳಿಸಿದೆ ಎನ್ನುವುದೆಂದರೆ! ಅವನ ಅಕ್ಕನ ಮಗಳು ಶ್ರೀಜ ಪಟ್ಟಣದಲ್ಲಿ ವಕೀಲೆ. ಆಕೆ ಗ್ರಾಹಕರ ನ್ಯಾಯಾಲಯದಲ್ಲಿ ದೂರು ಹಾಕಿದಳು.

"ಮಾಮಾ, ಕೋರ್ಟಿನವ್ರು ಒಬ್ಬ ತಜ್ಞರನ್ನ ನೇಮಿಸ್ತಾರೆ. ಅವರ ಎದುರಲ್ಲೇ ಬಿಚ್ಚಬೇಕು. ಅಲ್ಲೀವರೆಗೆ ಅದನ್ನ ಯಾರೂ ಮುಟ್ಟಬಾರ್ದು. ನಮ್ಮ ಸಾಕ್ಷಿ ಅದೊಂದೇ."

ಗೇರ್‌ಬಾಕ್ಸು ಗೋಣಿ ಹೊದ್ದು ಸುಗತನ ಮನೆಯ ಜಗಲಿಯಲ್ಲಿ, ಮಣೆಯ ಮೇಲೆ ಕೂತಿತು. ರಮಣಿ ಜಗಲಿ ತೊಳೆಯುವಾಗ ಅವನು ಪಕ್ಕದಲ್ಲೇ ನಿಂತು ಹನಿ ಸಿಡಿಯದ ಹಾಗೆ ಕಾಯುತ್ತಿದ್ದ. "ಬಾಣಂತೀನ ಕೂಡ ಯಾರೂ ಹೀಗೆ ನೋಡ್ಕೊಂಡಿಲ್ಲ" ಎಂದು ಅವಳು ಪೊರಕೆ ಕುಟ್ಟುತ್ತಿದ್ದಳು.

ಇಷ್ಟಕ್ಕೇ ಬಿಟ್ಟಿದ್ದರೆ ಕತೆ ಬೇರೆಯಾಗುತ್ತಿತ್ತೋ ಏನೋ. ಆದರೆ ನಮ್ಮ ಕವಲೆಯಲ್ಲಿ ಒಬ್ಬನಿಗೆ ಅನ್ಯಾಯವಾದರೆ ಅದನ್ನು ಅವನೊಬ್ಬನ ಕೈಯಲ್ಲಿ ಬಿಡುವ ಪದ್ಧತಿಯಿಲ್ಲ. ಹೋರಾಟ ಸಮಿತಿ ಆಗಲೇಬೇಕು. ಸಮಿತಿ ಅಂದರೆ ಶಿವಶಂಕರ ಕೈಮಳ್ ಸಾರ್. ತಾಲ್ಲೂಕು ಕಚೇರಿಯಲ್ಲಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಬಸ್ ತಂಗುದಾಣಕ್ಕೆ, ಕಿತ್ತುಹೋದ ಅಂಚೆ ಡಬ್ಬಿಗೆ, ಬೀದಿನಾಯಿಗಳ ವಿರುದ್ಧ, ಬೀದಿನಾಯಿಗಳ ಪರವಾಗಿ, ಎಲ್ಲಕ್ಕೂ ಅವರೇ ಅಧ್ಯಕ್ಷರು. ಮನೆಯಲ್ಲಿ ಚಹಾ ಕೇಳುವಾಗಲೂ 'ಮಾನ್ಯರೇ' ಎಂದು ಶುರು ಮಾಡುತ್ತಾರೆಂದು ಅವರ ಹೆಂಡತಿಯೇ ಹೇಳಿದ್ದುಂಟು.

ಗೇರ್‌ಬಾಕ್ಸ್ ನ್ಯಾಯ ಸಮಿತಿ ಹುಟ್ಟಿತು. ಉಪಾಧ್ಯಕ್ಷರು ಎಷ್ಟು ಮಂದಿ ಇದ್ದರೆಂದರೆ ಸಭಿಕರ ಕುರ್ಚಿ ತೆಗೆದು ವೇದಿಕೆಗೆ ಹಾಕಬೇಕಾಯಿತು. ಸುಗತನ್‌ಗೆ ಯಾವ ಹುದ್ದೆಯೂ ಇರಲಿಲ್ಲ; ಅವನು 'ಸಂತ್ರಸ್ತ'. ಮುಂದಿನ ಸಾಲಿನಲ್ಲಿ ಕೂತು, ಭಾಷಣಕಾರರು ತನ್ನ ಕಡೆ ಕೈ ತೋರಿಸಿದಾಗ ತಲೆ ತಗ್ಗಿಸಬೇಕು, ಅಷ್ಟೆ. ಸರದಿ ಉಪವಾಸವೂ ನಡೆಯಿತು. ಬೆಳಿಗ್ಗೆ ಪುಟ್ಟು-ಕಡಲೆ ಮುಗಿಸಿ ಬಂದು ಕೂತವರು ಊಟದ ಹೊತ್ತಿಗೆ ನಿಂಬೆರಸ ಕುಡಿದು ಉಪವಾಸ ಮುರಿಯುತ್ತಿದ್ದರು. ಸರ್ವಿಸ್ ಸೆಂಟರಿನವರು ಕಿಟಕಿಯಿಂದಲೂ ಇಣುಕಲಿಲ್ಲ.

ಅವಮಾನವಾದದ್ದು ಈಗ ಕೈಮಳ್ ಸಾರಿಗೆ. ಸಂಜೆ ಸುಗತನ ಮನೆಗೆ ಬಂದು ಜಗಲಿಯಲ್ಲಿ ಕೂತರು.

"ಸುಗತಾ, ನಾಳೆ ಇದರ ಶವಯಾತ್ರೆ. ಚಟ್ಟ, ಹೂವಿನ ಚಕ್ರ, ಎಲ್ಲ ಹೇಳಿಯಾಗಿದೆ. ಅವರ ಗೇಟಿನ ಎದುರೇ ದಹನ."

"ಅಯ್ಯೋ ಸಾರೆ, ಇದು ಸಾಕ್ಷಿ. ರಟ್ಟಿಂದೊಂದು ಮಾಡ್ಸಿ."

"ರಟ್ಟಿನ ಹೆಣಕ್ಕೆ ಯಾರಯ್ಯಾ ಅಳ್ತಾರೆ? ಕಬ್ಬಿಣ ಸುಡುತ್ತಾ? ಸುತ್ತ ನಾಲ್ಕು ತೆಂಗಿನ ಗರಿ ಉರಿಸೋದು, ಫೋಟೋ ತೆಗೆಯೋದು. ಸಂಜೆ ಇಲ್ಲೇ ತಂದಿಡೋ ಜವಾಬ್ದಾರಿ ನಂದು."

ಒಳಗಿನಿಂದ ರಮಣಿ ಕೂಗಿದಳು. "ಅಷ್ಟು ಆಸೆ ಇದ್ರೆ ಸಾರ್ ಮನೆಯ ಗ್ರೈಂಡರ್ ಹೊತ್ಕೊಂಡು ಹೋಗಿ. ಅದೂ ಇಷ್ಟೇ ಭಾರ ಇದೆ."

ಕೈಮಳ್ ಸಾರ್ ನಕ್ಕರು. "ರಮಣೀ, ಊರೆಲ್ಲ ನಿನ್ನ ಗಂಡನಿಗೋಸ್ಕರ ಹಸಿದು ಕೂತಿದೆ ತಾಯಿ."

ಸುಗತನ್ ಗೋಣಿ ಹೊದ್ದ ಗೇರ್‌ಬಾಕ್ಸಿನ ಕಡೆ ನೋಡಿದ. ತನಗಾಗಿ ಹಸಿದವರಿಗೆ ಬೇಡ ಎನ್ನುವುದು ಹೇಗೆ? ಒಪ್ಪಿದ. ಆದರೆ ತಾನು ಪಕ್ಕದಲ್ಲೇ ನಡೆಯುತ್ತೇನೆ, ಛತ್ರಿ ಹಿಡಿದು ನಡೆಯುತ್ತೇನೆ ಎಂದ. ಬೇಸಿಗೆ ಮಳೆಯನ್ನು ನಂಬುವ ಹಾಗಿಲ್ಲ.

ಮರುದಿನ ಹೈವೇಯಲ್ಲಿ ಮೆರವಣಿಗೆ ಹೊರಟಿತು. ಬಿದಿರಿನ ಚಟ್ಟ, ಬಿಳಿ ಬಟ್ಟೆ, ಮೇಲೆ ಹೂವಿನ ಚಕ್ರ. ನಾಲ್ವರು ಡ್ರೈವರುಗಳ ಹೆಗಲು. ಮುಂದಿನ ಎಡಗಡೆಯ ತಂಗಚ್ಚನ್ ದಾರಿಯುದ್ದಕ್ಕೂ ಗೊಣಗಿದ. "ಬದುಕಿದ್ದಾಗ ಇಷ್ಟು ಭಾರ ಇರ್ಲಿಲ್ವಲ್ಲೋ ಇದು." ಪಕ್ಕದಲ್ಲಿ ಸುಗತನ್, ಒಂದೂ ಮೋಡವಿಲ್ಲದ ಆಕಾಶದ ಕೆಳಗೆ, ಗೇರ್‌ಬಾಕ್ಸಿಗೆ ಕರಿ ಛತ್ರಿ ಹಿಡಿದಿದ್ದ. ಅದೂ ಶಾಸ್ತ್ರವೇ ಇರಬೇಕೆಂದು ದಾರಿಹೋಕರು ಕೈಮುಗಿದರು.

ಸರ್ವಿಸ್ ಸೆಂಟರಿನ ಪಕ್ಕ ಪೆಟ್ರೋಲ್ ಬಂಕ್ ಇರುವುದು ಊರಿಗೆಲ್ಲ ಗೊತ್ತಿತ್ತು, ಸಮಿತಿಗೆ ನೆನಪಾಗಿರಲಿಲ್ಲ. ಗೇಟಿನ ಬಳಿ ಸಬ್‌ಇನ್‌ಸ್ಪೆಕ್ಟರ್ ಅಡ್ಡ ನಿಂತ.

"ಸಾರೆ, ಇಲ್ಲಿ ಕಡ್ಡಿ ಗೀರಿದ್ರೆ ನಿಮ್ಮೆಲ್ಲರದ್ದೂ ನಿಜವಾದ ಶವಯಾತ್ರೆನೇ ಆಗುತ್ತೆ."

ಕೈಮಳ್ ಸಾರಿನ ಭಾಷಣ ಆಗಲೇ ನೆತ್ತಿಗೇರಿತ್ತು, ಇಳಿಯಲು ಜಾಗವಿರಲಿಲ್ಲ. ಸ್ಥಳೀಯ ಚಾನೆಲಿನ ಕ್ಯಾಮೆರಾದವನು ಬೇರೆ, "ಸಾರ್, ಬೆಂಕಿ ಇಲ್ಲಾಂದ್ರೆ ತೋರಿಸೋಕೆ ಏನೂ ಇಲ್ಲ" ಎಂದು ಮೂಗು ಮುರಿದ. ಸಾರ್ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಬಲಕ್ಕೆ ಸೇತುವೆಯಿತ್ತು.

"ಮಾನ್ಯರೇ! ದಹನಕ್ಕೆ ಅಧಿಕಾರಿಗಳು ಅಡ್ಡಿ ಮಾಡಿದ್ದಾರೆ. ನಾವು ಜಲಸಮಾಧಿ ಮಾಡುತ್ತೇವೆ!"

ಗುಂಪು ಚಪ್ಪಾಳೆ ತಟ್ಟಿ ಸೇತುವೆಗೆ ತಿರುಗಿತು. ನೂಕಾಟದಲ್ಲಿ ಸುಗತನ ಛತ್ರಿ ಯಾರದೋ ಬೆನ್ನಿಗೆ ಸಿಕ್ಕಿಕೊಂಡಿತು, ಅವನು ಹಿಂದೆ ಉಳಿದ. ಅಲ್ಲಿಂದಲೇ ಗಂಟಲು ಹರಿಯುವ ಹಾಗೆ ಕೂಗಿದ.

"ನೀರಿಗೆ ಬೇಡ! ಸಾರೆ, ನೀರಿಗೆ ಬೇಡ!"

ಘೋಷಣೆ ಕೂಗಿ ಕೂಗಿ ಅಭ್ಯಾಸವಾದ ಜನ. ಒಬ್ಬ ಏನು ಕೂಗಿದರೂ ಉಳಿದವರು ಎತ್ತಿಕೊಳ್ಳುತ್ತಾರೆ. "ನೀರಿಗೆ ಬೇಡ! ನೀರಿಗೆ ಬೇಡ!" ಎಂದು ಇಡೀ ಗುಂಪು ಮುಷ್ಟಿ ಎತ್ತಿ ಕೂಗಿತು. ಕೂಗುತ್ತಲೇ ಗೇರ್‌ಬಾಕ್ಸನ್ನು ಎತ್ತಿ ಹಿನ್ನೀರಿಗೆ ಹಾಕಿತು.

ರಾತ್ರಿಯ ಸುದ್ದಿಯಲ್ಲಿ ಆ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದರು. ಸುಗತನ ಮನೆಯಲ್ಲಿ ಟೀವಿ ಹಾಕಲಿಲ್ಲ.

ಶ್ರೀಜ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು. ಹಿನ್ನೀರಿನಲ್ಲಿ ಚಿಪ್ಪು ಹೆಕ್ಕುವವರನ್ನು ಕರೆಸಿದಳು. ಅವರು ಮುಳುಗಿ ತಡಕಾಡಿ, ಗೇರ್‌ಬಾಕ್ಸನ್ನು ಕೆಸರಿನಿಂದ ಕಿತ್ತು ಮೇಲೆ ತಂದರು. ಕೋರ್ಟು ನೇಮಿಸಿದ ತಜ್ಞರು, ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್, ಎರಡೂ ಕಡೆಯವರ ಎದುರು ಅದನ್ನು ಬಿಚ್ಚಿಸಿದರು. ಒಳಗಿಂದ ಕಪ್ಪು ನೀರು ಹರಿದು ಅವರ ಬೂಟು ನೆನೆಯಿತು.

"ನೀರು ಹೋಗಿದೆ" ಎಂದರು ಪ್ರೊಫೆಸರ್.

"ಹೋಗಿದೆ ಸಾರೆ. ಆಮೇಲೆ ಹೋಗಿದ್ದು."

"ಯಾವುದು ಮುಂಚೆ ಹೋಗಿದ್ದು, ಯಾವುದು ಆಮೇಲೆ ಹೋಗಿದ್ದು ಅಂತ ನೀರಿನ ಮೇಲೆ ಬರೆದಿರುತ್ತೇನ್ರಿ?"

ಶ್ರೀಜ ಚಾನೆಲಿನ ದೃಶ್ಯವನ್ನೇ ಸಾಕ್ಷಿಯಾಗಿ ಹಾಜರುಪಡಿಸಿದಳು. ಕಂಪನಿಯ ವಕೀಲರು ಸಂತೋಷದಿಂದ ನೋಡಿದರು. "ಸ್ವಾಮಿ, ದೂರುದಾರರು ತಾವೇ ಛತ್ರಿ ಹಿಡಿದು ಅದನ್ನ ಬೀಳ್ಕೊಟ್ಟಿದ್ದಾರೆ. ಬೇಡ ಬೇಡ ಅಂದಿದ್ದಾರೆ ಅಂತಾರೆ. ಎಸೆದವರೂ ಅದನ್ನೇ ಕೂಗಿದ್ದಾರೆ." ದೂರು ವಜಾ ಆಯಿತು. ವಾಹನ ನೀರಿಗಿಳಿದಿಲ್ಲವೆಂದು ನಂಬಲು ಆಧಾರವಿಲ್ಲ ಎಂಬ ಸಾಲು, ಸರ್ಕಾರದ ಮೊಹರಿನ ಕೆಳಗೆ, ಸುಗತನ ಹೆಸರಿನೊಂದಿಗೆ ಶಾಶ್ವತವಾಗಿ ಉಳಿಯಿತು.

ಗೇರ್‌ಬಾಕ್ಸಿಲ್ಲದ ಕಾರು ಗುಜರಿಗೆ ಮಾರಾಟವಾಯಿತು. ಸುಗತನ್ ಈಗ ಯಾರದೋ ಮೊಟ್ಟೆ ಸಾಗಿಸುವ ವ್ಯಾನು ಓಡಿಸುತ್ತಾನೆ. ಸ್ಟ್ಯಾಂಡಿನ ಕಡೆ ಬರುವುದು ಕಡಿಮೆ.

ಆದರೂ ಶ್ರೀಜ ಕೈಬಿಟ್ಟಿರಲಿಲ್ಲ. ಗೇರ್‌ಬಾಕ್ಸ್ ಬಿಚ್ಚಿದ ದಿನ ಒಳಗೆ ಮೂರನೇ ಗೇರಿನ ಹಲ್ಲು ಮುರಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. "ಮಾಮಾ, ನೀರು ಹಲ್ಲು ಮುರಿಯಲ್ಲ. ಎರಕದಲ್ಲೇ ದೋಷ ಇದ್ರೆ ಪ್ರಯೋಗಾಲಯದಲ್ಲಿ ಗೊತ್ತಾಗುತ್ತೆ. ಮೇಲ್ಮನವಿ ಹಾಕೋಣ. ಅದನ್ನ ತಂದುಕೊಡಿ ಸಾಕು." ತಿಂಗಳುಗಳ ನಂತರ ಸುಗತನ ಮುಖದಲ್ಲಿ ಸ್ವಲ್ಪ ಬಣ್ಣ ಬಂತು.

ತರಬೇಕಾಗಿದ್ದದ್ದು ಕೈಮಳ್ ಸಾರ್ ಕಡೆಯಿಂದ. ಕೋರ್ಟಿನಿಂದ ಅದನ್ನು ಸಮಿತಿಯ ಪರವಾಗಿ ಬಿಡಿಸಿಕೊಂಡು ಬಂದವರು ಅವರು. ಸುಗತನ್ ಹೋದಾಗ ಸಾರ್ ಅವನನ್ನು ಹೆಗಲ ಮೇಲೆ ಕೈಹಾಕಿ ಸ್ಟ್ಯಾಂಡಿಗೇ ಕರೆದುಕೊಂಡು ಬಂದರು. ಅಲ್ಲಿ ಹೊಸ ಸಿಮೆಂಟ್ ಕಟ್ಟೆಯೊಂದು ಎದ್ದಿತ್ತು. ಮೇಲೆ ಬೆಳ್ಳಿ ಬಣ್ಣ ಬಳಿದ ಗೇರ್‌ಬಾಕ್ಸ್.

"ಹೋರಾಟದ ಸ್ಮಾರಕ! ಭಾನುವಾರ ಶಾಸಕರು ಬರ್ತಾರೆ. ನಿನಗೆ ಶಾಲು ಇದೆ."

"ಸಾರೆ, ಇದು ಬೇಕಿತ್ತು. ಒಳಗಿನ ಹಲ್ಲು ಪರೀಕ್ಷೆ ಮಾಡಿಸ್ಬೇಕು."

"ಒಳಗೆ ಕಾಂಕ್ರೀಟ್ ತುಂಬಿಸಿದ್ದೇವಲ್ಲೋ. ಇನ್ನು ಯಾವ ಕಳ್ಳನೂ ಅಲ್ಲಾಡ್ಸೋಕಾಗಲ್ಲ."

"ನನ್ನದು ಸಾರೆ ಇದು."

"ನಿನ್ನದು ಅಂತ ಹೇಳೋ ಹಂತ ದಾಟಿಬಿಟ್ಟಿದೆ ಸುಗತಾ. ಇದು ಇನ್ನು ಜನರದ್ದು. ಒಬ್ಬ ವ್ಯಕ್ತಿಯ ಬೇಡಿಕೆಗೆ ಸಮಿತಿ ಬಗ್ಗೋ ಹಾಗಿಲ್ಲ."

ಸುಗತನ್ ಕಟ್ಟೆಯ ಕಲ್ಲಿನ ಮೇಲಿನ ಹೆಸರುಗಳನ್ನು ನಿಧಾನವಾಗಿ ಓದಿದ. ಅಧ್ಯಕ್ಷರು, ಉಪಾಧ್ಯಕ್ಷರು, ಸಿಮೆಂಟ್ ದಾನಿಗಳು, ಬಣ್ಣದ ದಾನಿಗಳು, ಎಲ್ಲ ಮುಗಿದ ಮೇಲೆ ಅವನ ಹೆಸರೂ ಇತ್ತು. ಸ್ಟ್ಯಾಂಡಿನಲ್ಲಿದ್ದ ನಮಗೆಲ್ಲ ಕೇಳುವ ಹಾಗೆ ಅವನು ಹೇಳಿದ್ದು ಒಂದೇ ಮಾತು.

"ಕಂಪನಿಯವ್ರು ಇಲ್ಲ ಅಂದಾಗ ಬರೆದಾದ್ರೂ ಕೊಟ್ಟಿದ್ರು ಸಾರೆ."

ಅದು ಚುಚ್ಚುಮಾತು ಎಂದು ಕೈಮಳ್ ಸಾರಿಗೆ ಹೊಳೆಯಲಿಲ್ಲ. ಅವರ ಮುಖ ಅರಳಿತು. "ಅಷ್ಟೇ ತಾನೇ? ನಿನಗೆ ಇಲ್ಲ ಅನ್ನೋದುಂಟೇ!" ಎಂದು ಅಲ್ಲೇ ಟ್ಯಾಕ್ಸಿಯೊಂದರ ಬಾನೆಟ್ಟಿನ ಮೇಲೆ ಸಮಿತಿಯ ಲೆಟರ್‌ಹೆಡ್ ಹರಡಿದರು. ತಾಲ್ಲೂಕು ಕಚೇರಿಯ ಕೈ, ಒಂದಕ್ಷರವೂ ಸೊಟ್ಟಗಾಗಲಿಲ್ಲ. ತಮ್ಮ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗಿದ್ದು, ಪುರಸ್ಕರಿಸಲು ಸಾಧ್ಯವಾಗದ್ದಕ್ಕೆ ವಿಷಾದಿಸಲಾಗಿದೆ. ಕೆಳಗೆ ಸಹಿ, ಸಹಿಯ ಮೇಲೆ ಮೊಹರು.

ಸುಗತನ್ ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಶಾಯಿ ಒಣಗುವ ತನಕ ಬಿಸಿಲಿಗೆ ಹಿಡಿದು ನಿಂತ. ಆಮೇಲೆ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡು, ಮೊಟ್ಟೆ ವ್ಯಾನಿನ ಕಡೆ ನಡೆದ.