ಮಡಿಪಾಕ್ಕಂನ ಸಂಪುಗಳಿಗೆ ಇಳಿಯುವ ಮೋನಪ್ಪ

"ಎಲ್ಲಿಂದ ಬರ್ತಾ ಉಂಟು ಈ ನೀರು?"

ಪ್ರಶ್ನೆ ನೆಲದ ಅಡಿಯಿಂದ ಬರುತ್ತದೆ, ಯಾರನ್ನೂ ಕೇಳಿದ್ದಲ್ಲ. ಚೆನ್ನೈನ ಮಡಿಪಾಕ್ಕಂನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಚಂಡಮಾರುತದ ನೆರೆ ಬೀದಿಯಿಂದ ಇಳಿದು ಐದು ದಿನ. ಊರ್ಮಿಳಾ ಎಂಬ ಬಾಣಂತಿಯ ಮನೆಯ ಸಂಪಿನಲ್ಲಿ ನಿಂತು ಐವತ್ತೆಂಟರ ಮೋನಪ್ಪ ತೆಂಗಿನ ನಾರಿನಿಂದ ಗೋಡೆ ಉಜ್ಜುತ್ತಿದ್ದಾರೆ. ಕಿವಿಗೊಟ್ಟರೆ ತಾಳ ತಪ್ಪದ ಸದ್ದು. ಒರೆಸಿದ ಮೂಲೆಯೊಂದು ಮಾತ್ರ ಮತ್ತೆ ಮತ್ತೆ ಒದ್ದೆಯಾಗುತ್ತಿದೆ.

ಪುತ್ತೂರು ಕಡೆಯ ಮೋನಪ್ಪ ಮೂವತ್ತೊಂದು ವರ್ಷದಿಂದ ಇಲ್ಲಿಯ ಸಸ್ಯಾಹಾರಿ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವವರು. ಈಗ ಹೋಟೆಲು ಮುಚ್ಚಿದೆ. ಹಿಂಬದಿಯ ಕೋಣೆಯಲ್ಲಿದ್ದ ಅವರ ಟ್ರಂಕು ನೀರುಪಾಲಾಗಿದೆ. "ಕೈ ಎರಡು ಉಂಟಲ್ಲ" ಎನ್ನುತ್ತಾರೆ.

ಬೀದಿಯ ಮೂವತ್ತು ಮನೆಗಳ ಸಂಪಿಗೂ ಕೊಳಚೆ ನುಗ್ಗಿದೆ. ವಿಮಾ ಕಚೇರಿಯಿಂದ ನಿವೃತ್ತರಾದ ಜಯಲಕ್ಷ್ಮೀ ತಮ್ಮ ತಾರಸಿಯ ಮೇಲೆ ಎಲ್ಲರನ್ನೂ ಸೇರಿಸಿ ಸರದಿ ಬರೆದಿದ್ದಾರೆ. ಜನ ಉಳಿದಿರುವ ಮನೆ ಮೊದಲು, ಬೀಗ ಬಿದ್ದದ್ದು ಆಮೇಲೆ. ಯಾರ ಸಂಪು ಶುದ್ಧವಾಯಿತೋ ಆ ಮನೆಯಿಂದ ಒಬ್ಬರು ಮುಂದಿನ ಮನೆಗೆ ಬಕೆಟ್ ಹಿಡಿದು ಬರಲೇಬೇಕು. ದಿನಕ್ಕೆ ಆರು ಸಂಪು, ಇದು ಇಪ್ಪತ್ತೈದನೆಯದು. ಮುಚ್ಚಳ ತೆರೆದು ಗಾಳಿಯಾಡಿಸಬೇಕು, ಎರಡು ಸಲ ಉಜ್ಜಬೇಕು, ಬ್ಲೀಚಿಂಗ್ ಪುಡಿ ಹಾಕಿ ಮೂರು ಸಲ ತೊಳೆಯಬೇಕು. ಹೊಸ ನೀರು ತುಂಬಿದ ಮೇಲೆ ಮೊದಲ ಬೊಗಸೆಯನ್ನು ಮೋನಪ್ಪನವರೇ ಕುಡಿಯುತ್ತಾರೆ, ತೀರ್ಥದ ಹಾಗೆ, ಕಣ್ಣು ಮುಚ್ಚಿ. ಅವರು "ಆಯ್ತು" ಅನ್ನುವವರೆಗೆ ಆ ಮನೆಯಲ್ಲಿ ಯಾರೂ ನಲ್ಲಿ ತಿರುಗಿಸುವುದಿಲ್ಲ.

"ಹಿಂದಿನ ದೊಡ್ಡ ನೆರೆಯಲ್ಲಿ ನಮ್ಮ ಹೋಟೆಲಿನ ಟ್ಯಾಂಕಿ ತೊಳೆದವ ನಾನೇ. ಕಣ್ಣಿಗೆ ಚಂದ ಕಂಡಿತು, ಆಯ್ತು ಅಂದುಬಿಟ್ಟೆ. ಹನ್ನೊಂದು ಜನ ಆಸ್ಪತ್ರೆಯಲ್ಲಿ ಮಲಗಿದರು."

ಜಯಲಕ್ಷ್ಮೀ ಮೇಲಿನಿಂದ ಬಗ್ಗಿ ನೋಡುತ್ತಾರೆ. "ಪಾಯಸದ ಹಂಡೆ ಅಂದ್ಕೊಂಡ್ರಾ? ಗೋಡೆನೇ ಕಿತ್ತು ಬಂದೀತು!"

"ಹಂಡೆಯಾದರೆ ಮಾತಾಡುದಿಲ್ಲ, ಅಮ್ಮ. ಅದೇ ಸುಖ."

ಹತ್ತು ಗಂಟೆಗೆ ಒದ್ದೆ ಮೂಲೆಯ ಗಾರೆ ಕೆತ್ತಿದಾಗ ಕೂದಲೆಳೆಯಂಥ ಬಿರುಕು ಕಾಣುತ್ತದೆ. ಅದರಾಚೆಗೆ ಚರಂಡಿ. ಮೋನಪ್ಪ ಬೆರಳಿಗೆ ತಾಗಿದ ನೀರನ್ನು ಮೂಸಿ, ಏಣಿ ಹತ್ತುತ್ತಾರೆ. ಗಾರೆಯವನು ಸಿಗುವುದು ನಾಳೆ. ಸಿಮೆಂಟು ಒಣಗಲು ಮತ್ತೆರಡು ದಿನ.

ಜಯಲಕ್ಷ್ಮೀಯವರ ಮುಖ ಸಪ್ಪಗಾಗುತ್ತದೆ. ಊರ್ಮಿಳಾ ಹದಿಮೂರು ದಿನದ ಮಗುವಿನೊಡನೆ ಟಿ. ನಗರದ ಬಂಧುಗಳ ಒಂದೇ ಕೋಣೆಯಲ್ಲಿ ಇನ್ನೇಳು ಜನರ ನಡುವೆ ಇದ್ದಾರೆ. ಮಗು ಅಳುವುದು ನಿಲ್ಲಿಸಿಲ್ಲ, ತಾಯಿ ನಿದ್ದೆ ಕಂಡಿಲ್ಲ. ಇವತ್ತು ಮನೆಗೆ ಬರಬಹುದೆಂದು ನಿನ್ನೆ ಮಾತು ಕೊಟ್ಟವರು ಜಯಲಕ್ಷ್ಮೀಯವರೇ.

"ಅವಳು ಆಟೋ ಹತ್ತಿ ಆಯ್ತು, ಮೋನಪ್ಪ. ಕೆತ್ತಿದ ಜಾಗಕ್ಕೆ ಒಂದು ಬಟ್ಟೆ ತುರುಕಿ ನೀರು ತುಂಬಿಸೋಣ. ಕುಡಿಯೋಕೆ ಕ್ಯಾನ್ ತಣ್ಣಿ ತರಿಸ್ತೀನಿ. ನೀವು ಆಯ್ತು ಅಂದ್ರೇನೇ ಅವಳು ಒಳಗೆ ಕಾಲಿಡೋದು. ಒಂದು ಮಾತು, ಅಷ್ಟೇ."

"ಮಗುವಿಗೆ ಸ್ನಾನ ಎಂತದರಲ್ಲಿ ಮಾಡಿಸುದು?"

"ಮೂರೇ ದಿನ ಅಲ್ವಾ? ನಿಮ್ಮ ಕೈ ಮುಗೀತೀನಿ."

ಮೋನಪ್ಪ ಸಂಪಿನ ಮುಚ್ಚಳ ಎಳೆದು, ಅದರ ಮೇಲೆಯೇ ಕುಳಿತುಕೊಳ್ಳುತ್ತಾರೆ.

"ಕೈ ಮುಗಿಯಬೇಡಿ. ಆಟೋ ತಿರುಗಿಸಲಿಕ್ಕೆ ಹೇಳಿ, ಅಮ್ಮ. ಆ ಮಾತು ನಾನು ಹೇಳುದಿಲ್ಲ."